ಗೊಜಿರಾ: ಹಳೆಯ ಜಪಾನೀ ಚಿತ್ರವೊಂದು ತನ್ನ ನುಡಿಯಲ್ಲೇ ಮನೆಯ ಪರದೆಗೆ ಬಂದ ಬಗೆ

ಗಾಡ್ಜಿಲ್ಲಾ ಎಂಬ ಹೆಸರನ್ನು ಕೇಳದ ಮಕ್ಕಳು ಇಂದು ನಮ್ಮ ಶಾಲೆಗಳಲ್ಲಿ ವಿರಳ. ಕಟ್ಟಡಗಳನ್ನು ತುಳಿದು ಪುಡಿಮಾಡುವ, ಬಾಯಿಯಿಂದ ಬೆಂಕಿ ಕಾರುವ ಆ ದೈತ್ಯ ಪ್ರಾಣಿಯನ್ನು ಅವರು ಹಿಂದಿಗೋ ತಮಿಳಿಗೋ ಡಬ್ ಆದ ಅಮೆರಿಕದ ಚಿತ್ರಗಳ ಮೂಲಕ ಬಲ್ಲರು. ಈಚೆಗೆ ಎಂಟನೆಯ ತರಗತಿಯಲ್ಲಿ ಪಾಠದ ನಡುವೆ ಮಾತು ಬಂದಾಗ, ಈ ಪ್ರಾಣಿ ಯಾವ ದೇಶದ್ದೆಂದು ಕೇಳಿದೆವು. ತರಗತಿಯೆಲ್ಲ ಒಂದೇ ಕಂಠದಿಂದ ಅಮೆರಿಕ ಎಂದಿತು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ, ‘ಅಲ್ಲ ಟೀಚರ್, ಅದು ಜಪಾನಿನದ್ದು, ಆದರೆ ಇಂಗ್ಲಿಷ್ ಮಾತಾಡ್ತದೆ’ ಎಂದ.

ಆ ಹುಡುಗನಿಗೆ ನಾವು ಅಂದು ಪೂರ್ಣ ಉತ್ತರ ಕೊಡಲಿಲ್ಲ, ಗಂಟೆ ಬಾರಿಸಿತು. ಅವನ ‘ಆದರೆ’ಯ ಹಿಂದೆ ಅರ್ಧ ಶತಮಾನದ ಕಥೆಯಿದೆ. ಮೂಲ ಚಿತ್ರ ಇಂದು ಜೀರ್ಣೋದ್ಧಾರಗೊಂಡು ಡಿಸ್ಕಿನ ರೂಪದಲ್ಲಿ ಮನೆಗಳಿಗೆ ಬರುತ್ತಿರುವುದರಿಂದ, ಆ ಕಥೆಯನ್ನು ಹೆತ್ತವರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಮೂಲ ಚಿತ್ರದ ಹೆಸರು ‘ಗೊಜಿರಾ’. ಗೊರಿಲ್ಲಾ ಎಂಬುದರ ಜಪಾನೀ ಉಚ್ಚಾರವಾದ ‘ಗೊರಿರಾ’ ಮತ್ತು ತಿಮಿಂಗಿಲವನ್ನು ಹೇಳುವ ‘ಕುಜಿರಾ’ ಎಂಬ ಎರಡು ಪದಗಳನ್ನು ಬೆಸೆದು ಈ ಹೆಸರನ್ನು ಕಟ್ಟಿದರು. ತೋಹೋ ಎಂಬ ಚಿತ್ರಸಂಸ್ಥೆ ನಿರ್ಮಿಸಿದ ಈ ಚಿತ್ರ ಜಪಾನಿನಲ್ಲಿ ತೆರೆಕಂಡದ್ದು 1954ರ ನವೆಂಬರ್ 3ರಂದು. ನಿರ್ಮಾಪಕರು ತೊಮೊಯುಕಿ ತನಾಕ, ನಿರ್ದೇಶಕರು ಇಶಿರೊ ಹೊಂಡಾ, ವಿಶೇಷ ದೃಶ್ಯಗಳ ಹೊಣೆ ಹೊತ್ತವರು ಎಯಿಜಿ ತ್ಸುಬುರಾಯ, ಸಂಗೀತ ಅಕಿರಾ ಇಫುಕುಬೆ ಅವರದು. ಕಪ್ಪು-ಬಿಳುಪಿನ, 96 ನಿಮಿಷಗಳ ಚಿತ್ರ.

ಇದು ಮಕ್ಕಳ ವಿನೋದಕ್ಕಾಗಿ ಮಾಡಿದ ಚಿತ್ರವಾಗಿರಲಿಲ್ಲ ಎಂಬುದನ್ನು ಮೊದಲಿಗೇ ಹೇಳಬೇಕು. 1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪವಲಯದಲ್ಲಿ ಹೈಡ್ರೋಜನ್ ಬಾಂಬೊಂದನ್ನು ಪರೀಕ್ಷಿಸಿತು. ಅದರ ಶಕ್ತಿ 15 ಮೆಗಾಟನ್, ಲೆಕ್ಕ ಹಾಕಿದ್ದಕ್ಕಿಂತ ಎಷ್ಟೋ ಮಿಗಿಲು. ಅಪಾಯವಲಯವೆಂದು ಸಾರಿದ್ದ ಗೆರೆಯ ಹೊರಗಿದ್ದ ‘ದಾಯ್‌ಗೊ ಫುಕುರ್ಯೂ ಮಾರು’ ಎಂಬ ಜಪಾನೀ ಮೀನುಗಾರಿಕಾ ದೋಣಿಯ ಮೇಲೆ ಬಿಳಿಯ ಬೂದಿ ಸುರಿಯಿತು. ದೋಣಿಯ ಹೆಸರಿನ ಅರ್ಥ ‘ಐದನೆಯ ಭಾಗ್ಯದ ಡ್ರ್ಯಾಗನ್’. ಅದರಲ್ಲಿದ್ದ 23 ಮಂದಿಯೂ ವಿಕಿರಣದಿಂದ ಕಾಯಿಲೆ ಬಿದ್ದರು. ರೇಡಿಯೊ ನಿರ್ವಾಹಕ ಐಕಿಚಿ ಕುಬೊಯಾಮ ಸೆಪ್ಟೆಂಬರ್ 23ರಂದು ತೀರಿಕೊಂಡರು. ಅದಾಗಿ ಆರು ವಾರ ಕಳೆಯುವುದರೊಳಗೆ ಗೊಜಿರಾ ತೆರೆಗೆ ಬಂದಿತು.

ಈ ದಿನಾಂಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಚಿತ್ರದ ಆರಂಭವನ್ನು ನೋಡಬೇಕು. ಹಡಗೊಂದರ ಮೇಲೆ ನಾವಿಕರು ವಿರಾಮವಾಗಿ ಕುಳಿತಿದ್ದಾರೆ. ಒಬ್ಬ ಹಾರ್ಮೋನಿಕಾ ನುಡಿಸುತ್ತಿದ್ದಾನೆ. ಹಠಾತ್ತನೆ ಕಡಲಿನಲ್ಲಿ ಕಣ್ಣು ಕೋರೈಸುವ ಬೆಳಕು. ರೇಡಿಯೊ ನಿರ್ವಾಹಕನು ಸಹಾಯಕ್ಕಾಗಿ ಸಂದೇಶ ಕಳುಹಿಸುತ್ತಿರುವಂತೆಯೇ ಹಡಗು ಮುಳುಗುತ್ತದೆ. ಆ ವರ್ಷದ ಜಪಾನೀ ಪ್ರೇಕ್ಷಕರಿಗೆ ಇದು ಯಾವ ಹಡಗು, ಯಾವ ಬೆಳಕು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಡಲಾಳದಲ್ಲಿ ಯುಗಯುಗಗಳಿಂದ ಅಡಗಿದ್ದ ಪ್ರಾಣಿಯೊಂದು ಬಾಂಬಿನ ಪರೀಕ್ಷೆಯಿಂದ ನೆಲೆ ತಪ್ಪಿ, ಮೈತುಂಬ ವಿಕಿರಣವನ್ನು ಹೊತ್ತು ಟೋಕಿಯೊ ನಗರಕ್ಕೆ ಏರಿ ಬರುವುದೇ ಚಿತ್ರದ ವಸ್ತು. ಹಿರೋಶಿಮಾ ಮತ್ತು ನಾಗಸಾಕಿಗಳ ಮೇಲೆ ಬಾಂಬು ಬಿದ್ದು ಆಗ ಒಂಬತ್ತು ವರ್ಷಗಳಷ್ಟೇ ಕಳೆದಿದ್ದವು. 1952ರವರೆಗೆ ಅಮೆರಿಕದ ಸೇನಾಡಳಿತವಿದ್ದ ಕಾಲದಲ್ಲಿ ಆ ಬಾಂಬುಗಳ ಕುರಿತು ಬಿಚ್ಚುಮನಸ್ಸಿನಿಂದ ಬರೆಯುವುದಕ್ಕೂ ತೋರಿಸುವುದಕ್ಕೂ ತಡೆಯಿತ್ತು. ನಿರ್ದೇಶಕ ಹೊಂಡಾ ಸ್ವತಃ ಸೈನಿಕರಾಗಿದ್ದವರು. ಯುದ್ಧ ಮುಗಿದು ಮರಳುವಾಗ ಹಿರೋಶಿಮಾದ ಅವಶೇಷಗಳ ನಡುವೆ ಹಾದು ಬಂದವರು. ಗೊಜಿರಾ ತುಳಿದುಹೋದ ಮೇಲಿನ ಟೋಕಿಯೊವನ್ನು ಅವರು ತೋರಿಸಿರುವ ರೀತಿಯಲ್ಲಿ ಅದು ಕಾಣುತ್ತದೆ. ಆಸ್ಪತ್ರೆಯ ನೆಲದಲ್ಲಿ ಸಾಲಾಗಿ ಮಲಗಿಸಿದ ಗಾಯಾಳುಗಳು, ಮಗುವೊಂದರ ಮೈಗೆ ವಿಕಿರಣಮಾಪಕವನ್ನು ಹಿಡಿದು ತಲೆಯಾಡಿಸುವ ವಿಜ್ಞಾನಿ, ಬೆಂಕಿಯ ನಡುವೆ ಮಕ್ಕಳನ್ನು ತಬ್ಬಿ ಕುಳಿತು, ಇನ್ನು ತಂದೆಯ ಬಳಿಗೇ ಹೋಗುತ್ತೇವೆಂದು ಸಂತೈಸುವ ವಿಧವೆ: ರಾಕ್ಷಸ ಪ್ರಾಣಿಯ ಚಿತ್ರವೆಂದು ಕುಳಿತವರು ಇಂಥ ದೃಶ್ಯಗಳನ್ನು ನಿರೀಕ್ಷಿಸಿರುವುದಿಲ್ಲ.

ಚಿತ್ರವನ್ನು ಮಾಡಿದ ಬಗೆಯೂ ಮಕ್ಕಳಿಗೆ ಹೇಳತಕ್ಕದ್ದೇ. ಬೊಂಬೆಯನ್ನು ಚೂರುಚೂರೇ ಕದಲಿಸಿ ಒಂದೊಂದೇ ಚೌಕಟ್ಟನ್ನು ಸೆರೆಹಿಡಿಯುವ ವಿಧಾನಕ್ಕೆ ಸಮಯವಾಗಲಿ ಹಣವಾಗಲಿ ಇರಲಿಲ್ಲವಾದುದರಿಂದ, ತ್ಸುಬುರಾಯ ಅವರು ಮನುಷ್ಯನಿಗೇ ವೇಷ ತೊಡಿಸಿದರು. ವೇಷದ ತೂಕ ಸುಮಾರು 100 ಕಿಲೋ. ಒಳಗೆ ಹೊಕ್ಕು ನಡೆದವರು ಹರುವೊ ನಕಾಜಿಮ ಮತ್ತು ಕತ್ಸುಮಿ ತೆಜುಕ. ಸ್ಟುಡಿಯೊ ದೀಪಗಳ ಕೆಳಗೆ ಕೆಲವೇ ನಿಮಿಷಗಳಲ್ಲಿ ಅವರು ಬೆವರಿನಿಂದ ತೊಯ್ದುಹೋಗುತ್ತಿದ್ದರು. ರಾತ್ರಿಯಿಡೀ ಬಣ್ಣದ ವೇಷದ ಭಾರ ಹೊತ್ತು ಕುಣಿಯುವ ಯಕ್ಷಗಾನ ಕಲಾವಿದರನ್ನು ಚೌಕಿಯಲ್ಲಿ ಕಂಡಿರುವ ನಮ್ಮ ಊರಿನ ಮಕ್ಕಳಿಗೆ ಈ ಕಷ್ಟವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಗರವನ್ನು 25ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಕಟ್ಟಿದರು. ಕಥೆಯಲ್ಲಿ ಗೊಜಿರಾದ ಎತ್ತರ 50 ಮೀಟರ್. ಅದನ್ನು 25ರಿಂದ ಭಾಗಿಸಿದರೆ 2 ಮೀಟರ್, ಅಂದರೆ ವೇಷ ತೊಟ್ಟ ಮನುಷ್ಯನ ಎತ್ತರ. ಆದರೆ ಸಣ್ಣ ಕಟ್ಟಡ ಕ್ಷಣಾರ್ಧದಲ್ಲಿ ಕುಸಿದುಬಿಡುತ್ತದೆ, ನೋಡುವವರಿಗೆ ಆಟಿಕೆಯಂತೆಯೇ ಕಾಣುತ್ತದೆ. ಇದಕ್ಕೆ ಪರಿಹಾರವಾಗಿ ಕ್ಯಾಮೆರಾವನ್ನು ವೇಗವಾಗಿ ಓಡಿಸಿ, ತೋರಿಸುವಾಗ ಎಂದಿನ ವೇಗದಲ್ಲಿ ತೋರಿಸಿದರು. ಆಗ ಚಲನೆ ನಿಧಾನವಾಗಿ, ತೂಕವುಳ್ಳದ್ದಾಗಿ ಕಾಣುತ್ತದೆ. ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಇದನ್ನು ಲೆಕ್ಕವಾಗಿಯೇ ಮಾಡಿಸಬಹುದು: ಬೀಳುವ ವಸ್ತು ತೆಗೆದುಕೊಳ್ಳುವ ಕಾಲ ಎತ್ತರದ ವರ್ಗಮೂಲಕ್ಕೆ ಅನುಗುಣವಾದುದರಿಂದ, 25ನೆಯ ಒಂದು ಅಳತೆಯ ನಗರಕ್ಕೆ ನಿಜವಾದ ತೂಕ ಬರಬೇಕಾದರೆ ಕ್ಯಾಮೆರಾ 5 ಪಟ್ಟು ವೇಗದಲ್ಲಿ ಓಡಬೇಕಾಗುತ್ತದೆ. ಇನ್ನು ಆ ಪ್ರಸಿದ್ಧ ಗರ್ಜನೆ ಯಾವ ಪ್ರಾಣಿಯದೂ ಅಲ್ಲ. ಇಫುಕುಬೆಯವರು ಕಾಂಟ್ರಾಬಾಸ್ ಎಂಬ ದೊಡ್ಡ ತಂತಿವಾದ್ಯದ ತಂತಿಗಳನ್ನು ಸಡಿಲಗೊಳಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಅವುಗಳನ್ನು ಎಳೆಸಿ, ಆ ಸದ್ದನ್ನು ಧ್ವನಿಮುದ್ರಣದಲ್ಲಿ ನಿಧಾನಗೊಳಿಸಿ ಪಡೆದದ್ದು ಅದು.

ಇಂಥ ಚಿತ್ರ ಇಂಗ್ಲಿಷ್ ಮಾತಾಡತೊಡಗಿದ್ದು ಹೇಗೆ? 1955ರಲ್ಲಿ ಗೊಜಿರಾ ತನ್ನ ಜಪಾನೀ ರೂಪದಲ್ಲಿಯೇ ಅಮೆರಿಕಕ್ಕೆ ಹೋಗಿತ್ತು. ಆದರೆ ಅದು ತೆರೆಕಂಡದ್ದು ಜಪಾನಿನಿಂದ ವಲಸೆ ಹೋಗಿ ನೆಲೆಸಿದವರ ಕೇರಿಗಳಲ್ಲಿ, ಅವರ ನುಡಿಯ ಚಿತ್ರಗಳನ್ನು ತೋರಿಸುತ್ತಿದ್ದ ಚಿತ್ರಮಂದಿರಗಳಲ್ಲಿ ಮಾತ್ರ. ಊರಿನ ಉಳಿದವರಿಗೆ ಅದರ ಸುಳಿವೂ ಇರಲಿಲ್ಲ. ಒಂದು ನಾಡಿನೊಳಗೆ ಇನ್ನೊಂದು ನುಡಿಯಾಡುತ್ತ ಬಾಳುವವರ ನಾಟಕ, ಚಿತ್ರ, ಪತ್ರಿಕೆಗಳು ಪಕ್ಕದ ಬೀದಿಗೂ ಕಾಣದೆ ಉಳಿಯುವುದು ಏನೆಂಬುದು ಗಡಿನಾಡಿನ ನಮಗೆ ತಿಳಿಯದ್ದಲ್ಲ.

ಅನಂತರ ಅಮೆರಿಕದ ವಿತರಕರು ಚಿತ್ರದ ಹಕ್ಕುಗಳನ್ನು ಕೊಂಡರು. ರೇಮಂಡ್ ಬರ್ ಎಂಬ ನಟನನ್ನು ಅಮೆರಿಕದ ಪತ್ರಕರ್ತನನ್ನಾಗಿ ಮಾಡಿ ಹೊಸ ದೃಶ್ಯಗಳನ್ನು ಚಿತ್ರೀಕರಿಸಿದರು. ಆ ಭಾಗಗಳ ನಿರ್ದೇಶನ ಟೆರಿ ಮೋರ್ಸ್ ಅವರದು. ಹಳೆಯ ದೃಶ್ಯಗಳ ನಡುವೆ ಈ ಪತ್ರಕರ್ತನು ಜಪಾನೀ ನಟರ ಜೊತೆಗೇ ಇದ್ದಂತೆ ಭಾಸವಾಗುವ ಹಾಗೆ, ಬೆನ್ನು ತಿರುಗಿಸಿ ನಿಂತ ಬದಲಿ ನಟರ ನೆರವಿನಿಂದ ಹೊಲಿಗೆ ಹಾಕಿದರು. ಮುಖ್ಯ ಪಾತ್ರಗಳ ಕೆಲವು ಮಾತುಗಳನ್ನು ಇಂಗ್ಲಿಷಿಗೆ ಡಬ್ ಮಾಡಿದರು. ಹೀಗೆ 1956ರಲ್ಲಿ ‘ಗಾಡ್ಜಿಲ್ಲಾ, ಕಿಂಗ್ ಆಫ್ ದ ಮಾನ್‌ಸ್ಟರ್ಸ್’ ಎಂಬ ಸುಮಾರು 80 ನಿಮಿಷಗಳ ಚಿತ್ರ ಹೊರಬಂದಿತು. 96ರಿಂದ 80ನ್ನು ಕಳೆದರೆ 16 ನಿಮಿಷಗಳಷ್ಟೇ ಹೋದವೆಂದು ತಿಳಿಯಬಾರದು. ಹೊಸ ನಟನ ದೃಶ್ಯಗಳಿಗೂ ಆ 80ರೊಳಗೇ ಜಾಗ ಮಾಡಿದುದರಿಂದ ಮೂಲದ ಇನ್ನೂ ದೊಡ್ಡ ಭಾಗ ಕತ್ತರಿಗೆ ಸಿಕ್ಕಿತು.

ಹೋದದ್ದು ಯಾವುದು ಎಂಬುದೇ ಮುಖ್ಯ. ಮೂಲದಲ್ಲಿ ರೈಲಿನೊಳಗಿನ ಒಂದು ಚಿಕ್ಕ ದೃಶ್ಯವಿದೆ. ದಿನನಿತ್ಯ ಕೆಲಸಕ್ಕೆ ಹೋಗುವ ಸಾಮಾನ್ಯರು ಗೊಜಿರಾದ ಸುದ್ದಿಯನ್ನು ಓದುತ್ತ ವಿಷ ತಗಲಿದ ಮೀನಿನ ಬಗ್ಗೆ, ವಿಕಿರಣ ಬೆರೆತ ಮಳೆಯ ಬಗ್ಗೆ ಮಾತಾಡುತ್ತಾರೆ. ಅವರಲ್ಲೊಬ್ಬಳು ನಾಗಸಾಕಿಯಿಂದ ಹೇಗೋ ಬದುಕಿ ಬಂದವಳು. ಅಮೆರಿಕದ ಆವೃತ್ತಿಯಲ್ಲಿ ಆ ದೃಶ್ಯವಿಲ್ಲ. ಪ್ರಾಣಿಯ ಸಂಗತಿಯನ್ನು ಜನರಿಂದ ಮುಚ್ಚಿಡಬೇಕೋ ಬೇಡವೋ ಎಂದು ಸಂಸತ್ತಿನ ಸಭೆಯಲ್ಲಿ ಹೆಂಗಸರೂ ಗಂಡಸರೂ ಜಗಳಾಡುವ ದೃಶ್ಯವೂ ಇಲ್ಲ. ತಕಾಶಿ ಶಿಮುರಾ ಅಭಿನಯಿಸಿದ ವಿಜ್ಞಾನಿ ಯಮಾನೆ, ಪರೀಕ್ಷೆಗಳು ಮುಂದುವರಿದರೆ ಇನ್ನೊಂದು ಗೊಜಿರಾ ಹುಟ್ಟಬಹುದೆಂದು ಕೊನೆಗೆ ಆಡುವ ಮಾತು ಹೋಗಿ, ಅದರ ಜಾಗದಲ್ಲಿ ಪತ್ರಕರ್ತನ ನೆಮ್ಮದಿಯ ಮುಕ್ತಾಯ ಬಂದಿದೆ. ಪ್ರಾಣಿ ಉಳಿಯಿತು, ಅದು ಏಕೆ ಬಂತೆಂಬುದು ಅಳಿಯಿತು.

ನ್ಯಾಯವಾಗಿ ಹೇಳುವುದಾದರೆ, ಆ ಆವೃತ್ತಿಯನ್ನು ತೀರ ಹಳಿಯಲಾಗದು. ರೇಮಂಡ್ ಬರ್ ಗಂಭೀರವಾಗಿಯೇ ಅಭಿನಯಿಸಿದ್ದಾರೆ, ಲೋಕಕ್ಕೆ ಗೊಜಿರಾದ ಪರಿಚಯವಾದದ್ದೂ ಆ ಮೂಲಕವೇ. ವಿಚಿತ್ರವೆಂದರೆ 1957ರಲ್ಲಿ ಅದೇ ಆವೃತ್ತಿ ಜಪಾನಿಗೆ ಮರಳಿ, ಜಪಾನೀಯರು ತಮ್ಮ ಚಿತ್ರವನ್ನೇ ಇಂಗ್ಲಿಷಿನಲ್ಲಿ ಕೇಳುತ್ತ ಜಪಾನೀ ಉಪಶೀರ್ಷಿಕೆಗಳನ್ನು ಓದಿದರು. ಮೂಲ ಚಿತ್ರ ಅಮೆರಿಕದ ಹಲವು ನಗರಗಳ ಚಿತ್ರಮಂದಿರಗಳಲ್ಲಿ ಬಿಡುಗಡೆಯಾದದ್ದು 2004ರಲ್ಲಿ, ಅಂದರೆ ಚಿತ್ರಕ್ಕೆ ಐವತ್ತು ತುಂಬಿದಾಗ. 2006ರಲ್ಲಿ ಎರಡೂ ಆವೃತ್ತಿಗಳು ಜೊತೆಯಾಗಿ ಡಿವಿಡಿಯಲ್ಲಿ ಬಂದವು. 2012ರಲ್ಲಿ ಕ್ರೈಟೀರಿಯನ್ ಸಂಸ್ಥೆ ಬ್ಲೂ-ರೇ ಡಿಸ್ಕನ್ನು ಹೊರತಂದಿತು. 2014ರಲ್ಲಿ ತೋಹೋ ಅರುವತ್ತನೆಯ ವರ್ಷದ ನಿಮಿತ್ತ ಚಿತ್ರವನ್ನು ಡಿಜಿಟಲ್ ಆಗಿ ಶುದ್ಧಗೊಳಿಸಿ ಜಪಾನಿನಲ್ಲಿ ಮತ್ತೆ ತೆರೆಗೆ ತಂದಿತು. 2024ರಲ್ಲಿ 4ಕೆ ಗುಣಮಟ್ಟದ ಡಿಸ್ಕ್ ಕ್ರೈಟೀರಿಯನ್‌ನಿಂದ ಬಂದಿದೆ.

ಜೀರ್ಣೋದ್ಧಾರ ಎಂದರೆ ಇಲ್ಲಿ ಏನು? ಕನ್ನಡ ಅಧ್ಯಾಪಕರಾದ ನಮಗೆ ಇದನ್ನು ಓಲೆಗರಿಯ ಗ್ರಂಥಸಂಪಾದನೆಯೊಂದಿಗೆ ಹೋಲಿಸಿದರೆ ಸುಲಭವಾಗಿ ತಿಳಿಯುತ್ತದೆ. ಕವಿ ಬರೆದ ಓಲೆಯನ್ನು ಲಿಪಿಕಾರನೊಬ್ಬ ನಕಲು ಮಾಡುತ್ತಾನೆ, ಅದರಿಂದ ಇನ್ನೊಬ್ಬ. ಪ್ರತಿಯೊಂದು ನಕಲಿನಲ್ಲಿಯೂ ಒಂದಿಷ್ಟು ತಪ್ಪು ಸೇರಿಕೊಳ್ಳುತ್ತದೆ. ಸಂಪಾದಕನು ಮೂಲಕ್ಕೆ ಅತಿ ಹತ್ತಿರವಾದ ಪ್ರತಿಯನ್ನು ಹುಡುಕಿ, ಉಳಿದವನ್ನು ಪಕ್ಕದಲ್ಲಿಟ್ಟು ಪಾಠವನ್ನು ನಿರ್ಣಯಿಸುತ್ತಾನೆ. ಫಿಲ್ಮಿನ ಕಥೆಯೂ ಅಷ್ಟೇ. ಕ್ಯಾಮೆರಾದೊಳಗೆ ಓಡಿದ್ದು ಮೂಲ ನೆಗೆಟಿವ್. ಅದರಿಂದ ಸೂಕ್ಷ್ಮ ಕಣಗಳ ಮಾಸ್ಟರ್ ಪಾಸಿಟಿವ್, ಅದರಿಂದ ನಕಲು ನೆಗೆಟಿವ್, ಅದರಿಂದ ಚಿತ್ರಮಂದಿರಕ್ಕೆ ಹೋಗುವ ಪ್ರಿಂಟು. ಒಂದೊಂದು ಮೆಟ್ಟಿಲು ಇಳಿದಂತೆ ಚಿತ್ರದ ಸೂಕ್ಷ್ಮ ವಿವರ ಮಾಸಿ, ಗೀರು ಧೂಳುಗಳು ಕೂಡಿಕೊಳ್ಳುತ್ತವೆ. ಟೀವಿಗೆಂದು ಕೊನೆಯ ಮೆಟ್ಟಿಲಿನ ಪ್ರಿಂಟನ್ನು ಬಳಸಿದಾಗ ನಮಗೆ ಕಾಣುವುದು ಮಸುಕು ಮಸುಕಾದ ನೆರಳು. ಹಳೆಯ ಚಿತ್ರಗಳೆಂದರೆ ಹಾಗೆಯೇ ಇದ್ದವೆಂದು ನಾವು ನಂಬಿದ್ದು ಅದರಿಂದಲೇ.

ಆದುದರಿಂದ ಉಳಿದಿರುವುದರಲ್ಲಿ ಮೂಲಕ್ಕೆ ಅತಿ ಸಮೀಪದ ರೀಲನ್ನು ಹುಡುಕುವುದು ಮೊದಲ ಕೆಲಸ. ಅದನ್ನು ತೊಳೆದು, ಹರಿದ ಅಂಚುಗಳನ್ನು ಕೈಯಿಂದಲೇ ಸರಿಪಡಿಸಿ, ಪ್ರತಿ ಚೌಕಟ್ಟನ್ನೂ ಸ್ಕ್ಯಾನ್ ಮಾಡಬೇಕು. ಸೆಕೆಂಡಿಗೆ 24 ಚೌಕಟ್ಟು, ನಿಮಿಷಕ್ಕೆ 1,440. 96 ನಿಮಿಷಗಳಿಗೆ 1,38,240. ಗಣಕಯಂತ್ರ ಧೂಳು ಗೀರುಗಳನ್ನು ಗುರುತಿಸಿಕೊಡುತ್ತದೆ ನಿಜ. ಆದರೆ ಅದಕ್ಕೆ ಮಳೆಹನಿಗೂ ಗೀರಿಗೂ, ಹಾರುವ ಕಿಡಿಗೂ ಧೂಳಿಗೂ ವ್ಯತ್ಯಾಸ ತಿಳಿಯದು. ಹೊತ್ತಿ ಉರಿಯುವ ನಗರದ ದೃಶ್ಯಗಳಲ್ಲಿ ಮನುಷ್ಯನ ಕಣ್ಣೇ ಕೂತು ನೋಡಬೇಕು.

ಗೊಜಿರಾದಂಥ ಚಿತ್ರದಲ್ಲಿ ಇನ್ನೊಂದು ತೊಡಕಿದೆ. ಓಡುವ ಜನರನ್ನೂ ಹಿಂದಿನ ಪ್ರಾಣಿಯನ್ನೂ ಬೇರೆಬೇರೆಯಾಗಿ ಚಿತ್ರೀಕರಿಸಿ ಒಂದೇ ಫಿಲ್ಮಿನ ಮೇಲೆ ಕೂಡಿಸಿದ ದೃಶ್ಯಗಳು ಇದರಲ್ಲಿ ಅನೇಕ. ಹೀಗೆ ಕೂಡಿಸುವಾಗ ಅಂದಿನ ಧೂಳೂ ಗೀರೂ ಚಿತ್ರದೊಳಕ್ಕೇ ಅಚ್ಚಾಗಿಬಿಡುತ್ತವೆ. 1954ರ ಮೊದಲ ಪ್ರದರ್ಶನದ ದಿನವೇ ಇದ್ದ ಗೀರನ್ನು ಅಳಿಸುವುದು ಜೀರ್ಣೋದ್ಧಾರವೋ, ತಿದ್ದುಪಡಿಯೋ? ಆಟಿಕೆಯ ವಿಮಾನಗಳನ್ನು ತೂಗುಹಾಕಿದ ತಂತಿ ಹೊಸ ಸ್ಪಷ್ಟತೆಯಲ್ಲಿ ಕಣ್ಣಿಗೆ ಬಿದ್ದರೆ ಅದನ್ನು ತೆಗೆಯಬೇಕೋ? ನಮ್ಮ ಅಭಿಪ್ರಾಯದಲ್ಲಿ ತೆಗೆಯಬಾರದು. ಕಾಲ ಮಾಡಿದ ಹಾನಿಯನ್ನು ಕಳೆಯುವುದು ಒಂದು, ಕಲಾವಿದರು ಮಾಡಿದ್ದನ್ನು ಮಾರ್ಪಡಿಸುವುದು ಮತ್ತೊಂದು. ಫಿಲ್ಮಿನ ಸಹಜ ಕಣಗಳನ್ನೂ ಉಜ್ಜಿ ಅಳಿಸಿ, ಮುಖಗಳನ್ನು ಮೇಣದ ಬೊಂಬೆಗಳಂತೆ ನುಣುಪಾಗಿಸಿದ ಡಿಸ್ಕುಗಳೂ ಲೋಕದಲ್ಲಿವೆ. ಶಿಲೆಯ ಗುಡಿಗೆ ಹೊಳೆಯುವ ಎಣ್ಣೆಬಣ್ಣ ಬಳಿದು ಜೀರ್ಣೋದ್ಧಾರವೆಂದು ಕರೆದಂತೆ.

ಕನ್ನಡ ಚಿತ್ರಗಳಿಗೂ ಈ ಭಾಗ್ಯ ಅಪರೂಪಕ್ಕೆ ಒದಗಿದೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ 4ಕೆ ಗುಣಮಟ್ಟದಲ್ಲಿ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಲನಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಇತ್ತ ಕಪ್ಪು-ಬಿಳುಪಿನ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ತುಂಬಿ ತೆರೆಗೆ ತಂದರು. ಜನ ಮೆಚ್ಚಿದರು, ನಾವೂ ನೋಡಿದೆವು. ಆದರೆ ಅದು ಮೇಲೆ ಹೇಳಿದ ಅರ್ಥದ ಜೀರ್ಣೋದ್ಧಾರವಲ್ಲ. ಇನ್ನು 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿಯೇ ಉಳಿದಿಲ್ಲ. ಅಲ್ಲಿ ಶುದ್ಧಗೊಳಿಸಲು ಏನೂ ಇಲ್ಲ.

ಗೊಜಿರಾವನ್ನು ಮನೆಯಲ್ಲಿ ತೋರಿಸಬೇಕೆನ್ನುವವರಿಗೆ ಕೆಲವು ಮಾತು. ಮೇಲೆ ಹೇಳಿದ ಆಸ್ಪತ್ರೆಯ ದೃಶ್ಯಗಳಿರುವುದರಿಂದ ಚಿಕ್ಕ ಮಕ್ಕಳಿಗೆ ಇದು ಬೇಡ. ಹೈಸ್ಕೂಲಿನ ಮಕ್ಕಳಿಗೆ, ಅದೂ ಹಿರಿಯರು ಜೊತೆಗೆ ಕುಳಿತಿರುವಾಗ ಆಗಬಹುದು. ಕ್ರೈಟೀರಿಯನ್ ಡಿಸ್ಕಿನಲ್ಲಿ 1956ರ ಆವೃತ್ತಿಯೂ ಇದೆ. ಮೊದಲು ಜಪಾನೀ ಚಿತ್ರವನ್ನು ತೋರಿಸಿ, ಇನ್ನೊಂದು ದಿನ ಅಮೆರಿಕದ ಆವೃತ್ತಿಯನ್ನು ಹಾಕಿ, ಏನೇನು ಹೋಗಿದೆಯೆಂದು ಮಕ್ಕಳೇ ಪಟ್ಟಿ ಮಾಡಲಿ. ಉಪಶೀರ್ಷಿಕೆಗಳು ಇಂಗ್ಲಿಷಿನಲ್ಲಿರುವುದರಿಂದ ಅಲ್ಲಲ್ಲಿ ನಿಲ್ಲಿಸಿ, ದೊಡ್ಡವರು ಕನ್ನಡದಲ್ಲಿ ಹೇಳುತ್ತ ಹೋಗಬೇಕಾಗುತ್ತದೆ. ನಮ್ಮ ಮನೆಯಲ್ಲಿ ಹಾಗೆ ಮಾಡಿದಾಗ ಮೂರು ಸಂಜೆಗಳು ಬೇಕಾದವು, ಆದರೆ ಯಾರಿಗೂ ಬೇಸರವಾಗಲಿಲ್ಲ.

ಆಗಲೇ ಗಮನಿಸಿದ್ದೊಂದಿದೆ. ಜಪಾನೀ ವಾಕ್ಯದಲ್ಲಿ ಕ್ರಿಯಾಪದ ಕನ್ನಡದಂತೆಯೇ ಕೊನೆಗೆ ಬರುತ್ತದೆ, ವಿಭಕ್ತಿಯ ಕೆಲಸ ಮಾಡುವ ಪದಗಳು ನಾಮಪದದ ಹಿಂದೆ ಸೇರುತ್ತವೆ, ಪ್ರಶ್ನೆಗೆ ವಾಕ್ಯದ ತುದಿಯಲ್ಲಿ ‘ಕ’ ಹಚ್ಚುತ್ತಾರೆ. ಎರಡು ನುಡಿಗಳಿಗೂ ರಕ್ತಸಂಬಂಧವಿದೆಯೆಂದು ಇದರರ್ಥವಲ್ಲ. ಆದರೂ ಇಂಗ್ಲಿಷ್ ಉಪಶೀರ್ಷಿಕೆ ಮಾತಿನ ತಿರುಳನ್ನು ಮೊದಲೇ ಬಿಟ್ಟುಕೊಟ್ಟರೆ, ಕನ್ನಡದಲ್ಲಿ ಹೇಳುವಾಗ ನಟನ ಕೊನೆಯ ಪದಕ್ಕೂ ನಮ್ಮ ಕೊನೆಯ ಪದಕ್ಕೂ ತಾಳ ಸೇರುತ್ತದೆ. ಮಕ್ಕಳು ಇದನ್ನು ನಮಗಿಂತ ಬೇಗ ಹಿಡಿದರು. ಎರಡನೆಯ ಸಂಜೆಗೆ ‘ಕ’ ಕೇಳಿದೊಡನೆ ‘ಪ್ರಶ್ನೆ!’ ಎಂದು ಕೂಗತೊಡಗಿದ್ದರು.

ಡಿಸ್ಕ್ ಕೊಳ್ಳುವ ಮೊದಲು ಒಂದು ಎಚ್ಚರಿಕೆ. ಬ್ಲೂ-ರೇ ಡಿಸ್ಕುಗಳಿಗೆ ಎ, ಬಿ, ಸಿ ಎಂಬ ವಲಯಗಳಿವೆ. ಅಮೆರಿಕ ಮತ್ತು ಜಪಾನ್ ‘ಎ’ ವಲಯ, ಭಾರತ ‘ಸಿ’ ವಲಯ. ಆದುದರಿಂದ ಅಮೆರಿಕದ ಸಾಮಾನ್ಯ ಬ್ಲೂ-ರೇ ನಮ್ಮ ಪ್ಲೇಯರಿನಲ್ಲಿ ಓಡದಿರಬಹುದು. 4ಕೆ ಡಿಸ್ಕಿಗೆ ವಲಯದ ಬೇಲಿಯಿಲ್ಲ, ಆದರೆ ಅದಕ್ಕೆ 4ಕೆ ಪ್ಲೇಯರೇ ಬೇಕು. ಇವೆರಡೂ ದುಬಾರಿಯೇ. ನಾಲ್ಕು ಮನೆಯವರು ಕೂಡಿಯೋ, ಶಾಲೆಯ ರಕ್ಷಕ-ಶಿಕ್ಷಕ ಸಂಘದ ಮೂಲಕವೋ ಒಂದನ್ನು ತರಿಸಿಕೊಳ್ಳುವುದಾದರೆ, ಅಂಗಡಿಯವರಲ್ಲಿ ವಲಯದ ಅಕ್ಷರವನ್ನು ಮೊದಲು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಶಾಲೆಯಲ್ಲಿ ತೋರಿಸುವುದಾದರೆ ಹಕ್ಕುದಾರರ ಅನುಮತಿಯನ್ನೂ ವಿಚಾರಿಸಿಕೊಳ್ಳಬೇಕು.